ಅಪ್ಪನಿಗೆ ‘ಹೀ’ ಅಂದ ಮಾಸ್ತರು

ಮೊನ್ನೆ ಸಂಜೆ ನನ್ನ ಸೊಸೆ ಸುಮಿತ್ರಾ ತಾನು ಪಾಠ ಹೇಳುವ ಶಾಲೆಯಿಂದ ಬಂದವಳೇ ಚೀಲದಿಂದ ಒಂದು ಹಾಳೆ ತೆಗೆದು ನನ್ನ ಕೈಗಿಟ್ಟು ಕೈಕಾಲು ತೊಳೆಯಲು ಹೋದಳು. ಸೈಕ್ಲೋಸ್ಟೈಲ್ ಮಾಡಿದ ಹಾಳೆ. ಮಸಿಯ ವಾಸನೆ ಗಪ್ಪನೆ ಮೂಗಿಗೆ ಹೊಡೆಯಿತು. ಕನ್ನಡಕ ಹುಡುಕುವ ಮೊದಲೇ, ಒಂದಕ್ಷರ ಓದುವ ಮೊದಲೇ, ಇದು ಇಲಾಖೆಯ ಸುತ್ತೋಲೆ, ಇದರಿಂದ ಯಾರಿಗೋ ಸಂಕಟ ಕಾದಿದೆ ಎಂದು ನನಗೆ ಗೊತ್ತಾಗಿಹೋಯಿತು. ಮೂವತ್ತು ವರ್ಷ ಮಾಸ್ತರಿಕೆ ಮಾಡಿದ ಮೂಗು, ಸುಳ್ಳು ಹೇಳುವುದಿಲ್ಲ.

ಓದಿದೆ. ಶಿಕ್ಷಕರ ಮೇಲ್ದರ್ಜೆಯ ಇಂಗ್ಲಿಷ್ ಪರೀಕ್ಷೆಯನ್ನು ಕಾಲಕ್ಕೆ ತಕ್ಕಂತೆ ಪರಿಷ್ಕರಿಸಿದ್ದಾರಂತೆ. ಬರೆಯುವುದು ಕಡಿಮೆ, ಮಾತು ಜಾಸ್ತಿ. ಪರೀಕ್ಷಕರ ಎದುರು ಕೂತು ಮನೆಯವರೊಬ್ಬರ ಬಗ್ಗೆ ಐದು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಬೇಕಂತೆ.

“ಮಾವಾರ, ಬರಿ ಅಂದ್ರ ಎಷ್ಟು ಬೇಕಾದ್ರೂ ಬರೀತೀನ್ರಿ. ಮಾತಾಡು ಅಂದ್ರ ಹೆಂಗ್ರಿ?” ಎಂದಳು ಸುಮಿತ್ರಾ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ.

ನನಗೆ ನಗು ಬಂತು. ನಗಬಾರದಿತ್ತು, ಪಾಪ, ಅವಳ ಮುಖ ಸಣ್ಣದಾಯಿತು. “ಹೊಸದೇನಲ್ಲವ್ವಾ ಇದು. ನಮ್ಮ ಕಾಲಕ್ಕೂ ಒಮ್ಮೆ ಹಿಂಗ ತಿದ್ದಿದ್ರು” ಎಂದೆ. ಅವಳಿಗೆ ಒಲೆ ಹೊತ್ತಿಸುವ ಅವಸರ, ಹೋದಳು. ನಿಮಗೆ ಅವಸರವಿಲ್ಲದಿದ್ದರೆ ಕುಳಿತುಕೊಳ್ಳಿ, ಹೇಳುತ್ತೇನೆ.

ಆಗ ನಮ್ಮ ಹೊಸಪೇಟೆ, ಕಮಲಾಪುರ, ಕಂಪ್ಲಿ ಎಲ್ಲವೂ ಮದರಾಸು ಸರ್ಕಾರಕ್ಕೆ ಸೇರಿದ್ದವು. ಪಕ್ಕದ ಸಂಡೂರಿಗೆ ಅದರದೇ ರಾಜರಿದ್ದರು. ಅಲ್ಲಿಯ ಮಾಸ್ತರುಗಳು ನಮ್ಮನ್ನು ನೋಡಿ ಅಯ್ಯೋ ಪಾಪ ಅನ್ನುತ್ತಿದ್ದರು, ನಾವು ಅವರನ್ನು ನೋಡಿ ಅನ್ನುತ್ತಿದ್ದೆವು. ಮದರಾಸನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಆದರೆ ಅಲ್ಲಿ ಕೂತ ಯಾರೋ ಪುಣ್ಯಾತ್ಮರು ಒಂದು ಸಾಲಿನ ಮೇಲೆ ಗೆರೆ ಎಳೆದರೆ ಇಲ್ಲಿ ನಮ್ಮ ಊಟ ನಿದ್ರೆ ಕೆಡುತ್ತಿತ್ತು. ನಾನು ಹೊಸಪೇಟೆಯ ಒಂದು ಶಾಲೆಗೆ ಹೊಸದಾಗಿ ಸೇರಿದ್ದೆ. ಇಪ್ಪತ್ನಾಲ್ಕು ವರ್ಷ. ತಲೆಗೆ ಎಣ್ಣೆ, ಜೇಬಿಗೆ ಪೆನ್ನು, ಇಂಗ್ಲಿಷ್ ಎಂದರೆ ನಮ್ಮಪ್ಪನ ಆಸ್ತಿ ಎನ್ನುವ ಜಂಬ. ನಮ್ಮಪ್ಪ ಎಂದೆ, ಅವರು ನಾನು ಮೂರು ವರ್ಷದವನಿದ್ದಾಗಲೇ ಹೋಗಿದ್ದರು. ಅವರನ್ನು ಏನೆಂದು ಕರೆಯುತ್ತಿದ್ದೆನೋ ನನಗೆ ನೆನಪಿಲ್ಲ. ಈ ಮಾತನ್ನು ಸುಮ್ಮನೆ ಹೇಳುತ್ತಿಲ್ಲ, ಮುಂದೆ ಇದರ ಕೆಲಸವಿದೆ.

ನನ್ನ ಪಕ್ಕದ ಕೋಣೆಯಲ್ಲಿ ಪಾಠ ಹೇಳುತ್ತಿದ್ದವರು ಪಂಪಣ್ಣ ಮಾಸ್ತರು. ಕಮಲಾಪುರದ ಒಕ್ಕಲು ಮನೆತನ, ಕಬ್ಬು, ಬಾಳೆ, ಗದ್ದೆ. ಆ ಮನೆತನದಲ್ಲಿ ಮೊದಲು ಅಕ್ಷರ ಕಲಿತವರು ಇವರೇ. ವಯಸ್ಸು ನಲವತ್ತರ ಹತ್ತಿರ. ದಿನಾ ಸೈಕಲ್ಲು ತುಳಿದು ಬರುತ್ತಿದ್ದರು. ಇಂಗ್ಲಿಷ್ ವ್ಯಾಕರಣದಲ್ಲಿ ಅವರಂಥ ಗಟ್ಟಿಗನನ್ನು ನಾನು ಆಮೇಲೂ ಕಂಡಿಲ್ಲ. ಆರು ಸಾಲಿನ ಒಂದು ವಾಕ್ಯ ಕೊಡಿ, ಕೋಳಿಯ ಪುಕ್ಕ ಕಿತ್ತ ಹಾಗೆ ಒಂದೊಂದೇ ಪದ ಬಿಡಿಸಿ, ಇದು ಕರ್ತೃ, ಇದು ಕ್ರಿಯೆ, ಇದು ಇದಕ್ಕೆ ವಿಶೇಷಣ ಎಂದು ಸಾಲಾಗಿ ಇಟ್ಟುಬಿಡುತ್ತಿದ್ದರು. ಈ ಬಿಡಿಸುವ ಕೆಲಸಕ್ಕೆ ಪಾರ್ಸಿಂಗ್ ಅನ್ನುತ್ತಿದ್ದರು. ಮೇಲಿನ ತರಗತಿಗಳಿಗೆ ಇಂಗ್ಲಿಷ್ ಹೇಳುವವರು ಇಂದಲ್ಲ ನಾಳೆ ಪಾಸು ಮಾಡಲೇಬೇಕಿದ್ದ ಪರೀಕ್ಷೆಯಲ್ಲಿ ಅರ್ಧಕ್ಕರ್ಧ ಅದೇ ಇರುತ್ತಿತ್ತು. ಆ ಪರೀಕ್ಷೆಗೆ ಸರ್ಕಾರಿ ಹೆಸರು ಉದ್ದ. ನಾವು ‘ದೊಡ್ಡ ಇಂಗ್ಲಿಷ್’ ಅನ್ನುತ್ತಿದ್ದೆವು. ಪಂಪಣ್ಣ ಮಾಸ್ತರು ಎರಡು ಸಲ ಕೂತು ಎರಡು ಸಲವೂ ಉಕ್ತಲೇಖನದಲ್ಲಿ ಜಾರಿದ್ದರು. ಓದಿ ಹೇಳುವವರ ಉಚ್ಚಾರ ಅವರ ಕಿವಿಗೆ ಹತ್ತುತ್ತಿರಲಿಲ್ಲ. ಮೂರನೆಯ ಸಲಕ್ಕೆ ತಯಾರಾಗುತ್ತಿದ್ದರು.

ಆಗ ಬಂತು ಸುತ್ತೋಲೆ. ದೊಡ್ಡ ಇಂಗ್ಲಿಷನ್ನು ಪರಿಷ್ಕರಿಸಲಾಗಿದೆ. ಪಾರ್ಸಿಂಗ್ ತೆಗೆದುಹಾಕಲಾಗಿದೆ. ಅದರ ಬದಲು ಪರೀಕ್ಷಕರ ಜೊತೆ ಕಾಲು ಗಂಟೆ ಸಂಭಾಷಣೆ. ವಿಷಯ: ನಿಮ್ಮ ಮನೆ, ನಿಮ್ಮ ಕುಟುಂಬ, ನಿಮ್ಮ ಊರು. ಈ ವರ್ಷದೊಳಗೆ ಪಾಸಾಗದವರನ್ನು ಮೇಲಿನ ತರಗತಿಯಿಂದ ಇಳಿಸಿ ದೂರದ ತಾಲೂಕುಗಳ ಒಬ್ಬನೇ ಮಾಸ್ತರನ ಶಾಲೆಗಳಿಗೆ ಕಳಿಸಲಾಗುವುದು. ಪಂಪಣ್ಣ ಮಾಸ್ತರು ಹಾಳೆಯನ್ನು ಎರಡು ಸಲ ಓದಿದರು. ಹಿಂಬದಿಯಲ್ಲಿ ಏನಾದರೂ ಬರೆದಿದೆಯೇ ಎಂದು ತಿರುಗಿಸಿಯೂ ನೋಡಿದರು.

“ದೂರ ಹಾಕಿದ್ರ ನಮ್ಮ ಅಪ್ಪಾರು ಬರಂಗಿಲ್ಲಪಾ. ಅವರು ಹೊಲ ಬಿಟ್ಟು ಇರೋರಲ್ಲ. ಟ್ರೇನಿಂಗ್ ಮುಗಿಸಿ ಬಂದ ಮ್ಯಾಲ ನಾನು ಅವರನ್ನ ಬಿಟ್ಟು ಇದ್ದೋನಲ್ಲ” ಎಂದರು. ಅವರ ತಾಯಿ ತೀರಿಕೊಂಡು ಎರಡು ವರ್ಷವಾಗಿತ್ತು. ತಂದೆ ಹುಲುಗಪ್ಪನವರು ಎಪ್ಪತ್ತು ದಾಟಿದರೂ ನೇಗಿಲು ಹಿಡಿಯುತ್ತಿದ್ದರು. ಮಗನಿಗೆ ತಂದೆಯೆಂದರೆ ಎಂಥ ಗೌರವ ಅಂತೀರಿ! ಅಪ್ಪಾರ, ಬರ್ರಿ, ಅಪ್ಪಾರ, ಕುಂದರ್ರಿ. ಒಕ್ಕಲು ಮನೆಗಳಲ್ಲಿ ಆಗ ಅಪ್ಪನಿಗೆ ‘ಬಾ, ಹೋಗು’ ಎನ್ನುವುದೇ ವಾಡಿಕೆ. ಹಾಗಾಗಿ ಕಮಲಾಪುರದಲ್ಲಿ ಹುಲುಗಪ್ಪನ ಮಗ ಎಂಥ ಸಂಸ್ಕಾರವಂತ ಎಂದು ದೊಡ್ಡ ಹೆಸರಿತ್ತು.

ಸರಿ, ಮಾತು ಕಲಿಯಬೇಕಲ್ಲ? ಆ ಪರೀಕ್ಷೆ ನನಗೂ ಇತ್ತು. ಸಂಜೆ ಶಾಲೆ ಬಿಟ್ಟ ಮೇಲೆ ನಾನೂ ಒಂದು ಸೈಕಲ್ಲು ಹಿಡಿದು ಅವರ ಜೊತೆ ಹೊರಡತೊಡಗಿದೆ. ಮಲಪನಗುಡಿಯ ಮೆಟ್ಟಿಲುಬಾವಿಯ ತನಕ ಕನ್ನಡ, ಬಾವಿ ದಾಟಿದರೆ ಇಂಗ್ಲಿಷ್. ಇದು ಕರಾರು. ಫಲವೇನೆಂದರೆ ಬಾವಿಯ ತನಕ ನಾವಿಬ್ಬರೂ ಎಡೆಬಿಡದೆ ಹರಟುತ್ತಿದ್ದೆವು, ಬಾವಿ ದಾಟಿದೊಡನೆ ಗಪ್‌ಚಿಪ್. ಸೈಕಲ್ಲಿನ ಸರಪಳಿಯ ಸದ್ದು ಮಾತ್ರ. ಎದುರು ಬಂದ ಬಂಡಿಯವರು “ಯಾಕ್ರಿ ಮಾಸ್ತರ, ಇಬ್ಬರೂ ಜಗಳಾಡೀರೇನು?” ಎಂದು ಕೇಳುತ್ತಿದ್ದರು.

ಕಮಲಾಪುರದಲ್ಲಿ ಹಂಪಿ ನೋಡಲು ಬರುವ ಬಿಳಿ ದೊರೆಗಳು ಇಳಿದುಕೊಳ್ಳುವ ಬಂಗಲೆಯೊಂದಿತ್ತು. ಹಳೆಯ ಗುಡಿಯನ್ನೇ ಬಂಗಲೆ ಮಾಡಿದ್ದರು. ಅಲ್ಲಿಯ ಅಡುಗೆಯವನು ಖಾಸಿಂ ಸಾಬ್, ಒಂದಕ್ಷರ ಓದಿದವನಲ್ಲ, ಇಂಗ್ಲಿಷ್ ಮಾತ್ರ ಕಾಲುವೆ ನೀರಿನ ಹಾಗೆ ಹರಿಸುತ್ತಿದ್ದ. ‘ಮಾಸ್ಟರ್ ಸಿಟ್ಟಿಂಗ್, ಟೀ ಕಮಿಂಗ್, ಟುಮಾರೋ ಹಾಟ್ ವಾಟರ್ ಕಮಿಂಗ್.’ ಅದರಲ್ಲಿ ಒಂದು ವಾಕ್ಯವೂ ನೆಟ್ಟಗಿರಲಿಲ್ಲ, ಆದರೂ ದೊರೆಗಳಿಗೆ ಚಹಾ ಬರುತ್ತಿತ್ತು, ಬಿಸಿನೀರೂ ಬರುತ್ತಿತ್ತು. ಪಂಪಣ್ಣ ಮಾಸ್ತರು ಅವನ ಮಾತು ಕೇಳುತ್ತ ಹಲ್ಲುನೋವು ಬಂದವರಂತೆ ಮುಖ ಹಿಂಡುತ್ತಿದ್ದರು. ಅವನೇ ಒಂದು ದಿನ ಹೇಳಿದ: “ಗ್ರಾಮರ್ ಗೀಮರ್ ಬಿಡ್ರಿ ಮಾಸ್ತರ. ಎದುರಿಗಿದ್ದೋರ ಮುಖ ನೋಡ್ರಿ, ಮಾತಾಡ್ರಿ. ಸಾಹೇಬರಿಗೂ ಹಸಿವಿರ್ತೈತಿ, ತಿಳ್ಕೊಂತಾರ.” ಅವತ್ತಿನಿಂದ ಮಾಸ್ತರ ಬಾಯಿ ಸ್ವಲ್ಪ ಸಡಿಲವಾಯಿತು. ಊರು, ಶಾಲೆ, ಕಬ್ಬು, ತುಂಗಭದ್ರೆ, ಎಲ್ಲದರ ಬಗ್ಗೆ ಮೆಲ್ಲಗೆ ಮಾತು ಬಂತು.

ತೊಡರು ಬಂದದ್ದು ಅಪ್ಪನ ವಿಷಯಕ್ಕೆ. ಬಾವಿಯ ಕಟ್ಟೆಯ ಮೇಲೆ ನಾನೇ ಪರೀಕ್ಷಕನಾಗಿ ಕಾಲ ಮೇಲೆ ಕಾಲು ಹಾಕಿ ಕೂತು, ನಿಮ್ಮ ತಂದೆಯ ಬಗ್ಗೆ ಹೇಳಿ ಎಂದು ಇಂಗ್ಲಿಷಿನಲ್ಲಿ ಕೇಳಿದೆ.

“ಮೈ ಫಾದರ್ ಆರ್ ಎ ಫಾರ್ಮರ್,” ಎಂದರು ಮಾಸ್ತರು. “ದೇ ಗ್ರೋ ಶುಗರ್‌ಕೇನ್. ದೇ ಹ್ಯಾವ್ ಟೂ ಬುಲಕ್ಸ್.”

ಕಿವಿಯನ್ನು ನಂಬಲಾಗಲಿಲ್ಲ. ವ್ಯಾಕರಣದ ಹುಲಿ ಏಕವಚನ ಬಹುವಚನದಲ್ಲಿ ಜಾರುವುದೇ! “ಹೀ ಅನ್ರಿ ಮಾಸ್ತರ, ಹೀ!” ಎಂದೆ. ಮತ್ತೆ ‘ದೇ’ ಎಂದರು. ನನಗೆ ಚೇಷ್ಟೆ ಹುಟ್ಟಿತು. ದೊರೆಯ ಗತ್ತಿನಲ್ಲಿ ಹುಬ್ಬೇರಿಸಿ, “ಹೌ ಮೆನಿ ಫಾದರ್ಸ್ ಹ್ಯಾವ್ ಯೂ?” ಎಂದು ಕೇಳಿದೆ. ನಿಮಗೆಷ್ಟು ಜನ ತಂದೆಯರು ಎಂದು.

ಥೂ, ಇಂದಿಗೂ ಆ ಮಾತು ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ. ಮಾಸ್ತರು ಸಿಟ್ಟು ಮಾಡಲಿಲ್ಲ. ಬಾವಿಯೊಳಗೆ ನೋಡುತ್ತ ಕನ್ನಡದಲ್ಲೇ ಹೇಳಿದರು. ಬಳ್ಳಾರಿಯ ಟ್ರೇನಿಂಗ್ ಶಾಲೆಗೆ ಹೋದ ಹೊಸತರಲ್ಲಿ ಒಂದು ದಿನ ಅವರ ತಂದೆ ಬುತ್ತಿ ಗಂಟು ಹೊತ್ತು ನೋಡಲು ಬಂದರಂತೆ. ಇವರು ಖುಷಿಯಿಂದ ಓಡಿಹೋಗಿ ಎಲ್ಲರೆದುರು “ನಮ್ಮಪ್ಪ ಬಂದಾನ” ಅಂದರಂತೆ. ಪೇಟೆಯ ಹುಡುಗರೆಲ್ಲ ಗೊಳ್ಳೆಂದು ನಕ್ಕರಂತೆ. ‘ಬಂದಾನಂತ, ಅವರಪ್ಪ ಏನು ಕೂಲಿ ಆಳೇನೋ?’ ಎಂದು ತಿಂಗಳುಗಟ್ಟಲೆ ಅಣಕಿಸಿದರಂತೆ.

“ಅವತ್ತ ಆಣಿ ಮಾಡೀನಪಾ. ನನಗೋಸ್ಕರ ಅಷ್ಟು ದೂರ ನಡಕೊಂಡು ಬಂದೋರಿಗೆ ಇನ್ನೊಮ್ಮೆ ‘ಅವನು’ ಅನ್ನಂಗಿಲ್ಲ ಅಂತ. ಯಾವ ಭಾಷಾದಾಗೂ ಅನ್ನಂಗಿಲ್ಲ. ನಿಯಮ ನನಗ ಗೊತ್ತಿಲ್ಲ ಅಂತ ತಿಳದಿಯೇನು? ಎಲ್ಲಾ ಗೊತ್ತೈತಿ. ನಾಲಿಗಿ ಬರವಲ್ದು.”

ಅಪ್ಪನನ್ನು ಕರೆದು ಗೊತ್ತಿಲ್ಲದವನು ನಾನು. ಸೈಕಲ್ಲು ಹಿಡಿದು ಹೊರಟೆ.

ಎರಡು ದಿನದ ಮೇಲೆ ಮಾಸ್ತರು ನಾಲ್ಕು ಪುಟದ ಒಂದು ಅರ್ಜಿ ತಂದು ತೋರಿಸಿದರು, ಮದರಾಸಿಗೆ. ಅದರ ಸಾರಾಂಶ ಇಷ್ಟು. ಹಿಂದಿನ ಇಂಗ್ಲಿಷಿನಲ್ಲಿ ‘ನೀನು’ ಅನ್ನುವುದಕ್ಕೆ ‘ದೌ’ ಎಂಬ ಪದವಿತ್ತು. ಅದನ್ನು ಬಿಟ್ಟು ಈಗ ಎಲ್ಲರಿಗೂ ಬಹುವಚನದ ‘ಯೂ’ ಅನ್ನುತ್ತಾರೆ. ಎಂದರೆ ಎದುರಿಗಿದ್ದವರಿಗೆ, ನಾಯಿಗೂ ಸೇರಿದಂತೆ, ಇಂಗ್ಲಿಷರು ‘ರಿ’ ಹಚ್ಚಿಯೇ ಮಾತಾಡುತ್ತಾರೆ. ಎದುರಿಗೆ ಕೊಟ್ಟ ಮರ್ಯಾದೆಯನ್ನು ಬೆನ್ನ ಹಿಂದೆ ಯಾಕೆ ಕೊಡಬಾರದು? ತಂದೆ ಮತ್ತು ಗುರುಗಳಿಗೆ ‘ಹೀ’ ಬದಲು ‘ದೇ’ ಅನ್ನಲು ಅವಕಾಶ ಕೊಡುವುದು ಕಣ್ತಪ್ಪಿನಿಂದ ಬಿಟ್ಟುಹೋದಂತಿದೆ. ಹೇಗೂ ಪರೀಕ್ಷೆಯನ್ನು ಪರಿಷ್ಕರಿಸುತ್ತಿದ್ದೀರಿ, ಇದನ್ನೂ ಸರಿಪಡಿಸಬೇಕಾಗಿ ವಿನಂತಿ. ನಾನು ತಪ್ಪು ಹುಡುಕಿದೆ, ಒಂದು ಅಲ್ಪವಿರಾಮವೂ ಆಚೀಚೆ ಆಗಿರಲಿಲ್ಲ. ನೀವು ನಗುತ್ತೀರಿ. ನಾನೂ ನಕ್ಕಿದ್ದೆ, ಅವರು ಆಚೆ ಹೋದ ಮೇಲೆ. ಈಗ ಓದಲು ಸಿಕ್ಕಿದ್ದರೆ ನಗುತ್ತಿರಲಿಲ್ಲ.

ಉತ್ತರ ಬರಲಿಲ್ಲ. ದಿನಾ ಟಪಾಲಿನವನ ಮುಖ ನೋಡಿದ್ದೇ ಬಂತು. ಪರೀಕ್ಷೆಯ ದಿನ ಮಾತ್ರ ಬಂತು.

ಬಳ್ಳಾರಿಗೆ ಇಬ್ಬರೂ ರೈಲಿನಲ್ಲಿ ಹೋದೆವು. ಬರೆಯುವುದೆಲ್ಲ ಮುಗಿದು ಮಾತಿನ ಸರದಿ. ಕೋಣೆಯ ಹೊರಗೆ ಬೆಂಚು, ಅವರಾದ ಮೇಲೆ ನಾನು. ಸೆಕೆಗೆ ಬಾಗಿಲು ತೆರೆದೇ ಇತ್ತು. ಒಳಗೆ ಸಣಕಲು ದೊರೆ, ಬೆಳ್ಳಗಿನ ಮೀಸೆ, ಸಮಾಧಾನದ ದನಿ. ಊರು ಕೇಳಿದ, ಮಾಸ್ತರು ಹೇಳಿದರು. ಶಾಲೆ ಕೇಳಿದ, ಹೇಳಿದರು. ಆಮೇಲೆ ಕೇಳಿದ, ನಿಮ್ಮ ತಂದೆಯ ಬಗ್ಗೆ ಹೇಳಿ ಎಂದು.

“ಮೈ ಫಾದರ್…” ಎಂದರು ಮಾಸ್ತರು. ನಿಂತರು.

ನಾನು ಬೆಂಚಿನ ತುದಿಗೆ ಬಂದಿದ್ದೆ. ದೊರೆ ಅವಸರ ಮಾಡಲಿಲ್ಲ. ಮಾಸ್ತರು ಖಾಸಿಂ ಸಾಬ್ ಹೇಳಿದಂತೆ ಅವನ ಮುಖವನ್ನೇ ನೋಡುತ್ತಿದ್ದರು. ‘ದೇ’ ಅಂದರೆ ದೂರದ ತಾಲೂಕು, ಅಪ್ಪನನ್ನು ಬಿಟ್ಟಿರಬೇಕು. ‘ಹೀ’ ಅಂದರೆ ಆಣೆ ಮುರಿಯಬೇಕು. ಕೊನೆಗೆ, ಬಾಯಿಂದ ಮುಳ್ಳು ತೆಗೆದವರ ಹಾಗೆ ಅಂದರು: “ಹೀ.”

ಒಮ್ಮೆ ಅಂದದ್ದೇ ತಡ, ಮಾತು ಹೊರಟಿತು ನೋಡಿ! ಹೀ ಈಸ್ ಎ ಫಾರ್ಮರ್. ಹೀ ಕೆನಾಟ್ ರೀಡ್. ಮಳೆಗಾಲದಲ್ಲಿ ಕಾಲುವೆ ತುಂಬಿದಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ದಾಟಿಸಿ ಶಾಲೆಗೆ ಬಿಡುತ್ತಿದ್ದ, ಪುಸ್ತಕವನ್ನು ತನ್ನ ತಲೆಯ ಮೇಲೆ ಇಟ್ಟುಕೊಳ್ಳುತ್ತಿದ್ದ, ನಾನು ಓದುವಾಗ ಅರ್ಥವಾಗದಿದ್ದರೂ ಎದುರು ಕೂತು ಕೇಳುತ್ತಿದ್ದ ಎಂದೆಲ್ಲ ಇಂಗ್ಲಿಷಿನಲ್ಲಿ ಹೇಳಿದರು. ಅಷ್ಟು ದಿನ ಜೊತೆಗಿದ್ದ ನನಗೂ ಅವರು ಅದನ್ನೆಲ್ಲ ಹೇಳಿರಲಿಲ್ಲ. ಕಾಲು ಗಂಟೆ ಮುಗಿದರೂ ದೊರೆ ನಿಲ್ಲಿಸಲಿಲ್ಲ.

ಹೊರಗೆ ಬಂದವರ ಅಂಗಿ ಬೆವರಿನಲ್ಲಿ ತೊಯ್ದಿತ್ತು. “ಗೆದ್ರಿ ಮಾಸ್ತರ!” ಎಂದೆ. ಅವರು ನನ್ನನ್ನು ನೋಡಲಿಲ್ಲ. ರೈಲಿನಲ್ಲಿ ಹೊಸಪೇಟೆ ಬರುವ ತನಕ ಒಂದೇ ಮಾತು: “ಹದಿನೇಳು ಸಲ ಅಂದೆ. ಎಣಿಸೀನಿ.”

ಆ ರಾತ್ರಿ ಮನೆಗೆ ಹೋಗದೆ ನನ್ನ ಕೋಣೆಯಲ್ಲೇ ಉಳಿದರು, ಮರುದಿನ ಬೆಳಿಗ್ಗೆ ನನ್ನನ್ನೂ ಕಮಲಾಪುರಕ್ಕೆ ಕರೆದರು, ಒಬ್ಬರೇ ಹೋಗಲು ಧೈರ್ಯವಿರಲಿಲ್ಲವೋ ಏನೋ. ಹುಲುಗಪ್ಪನವರು ಆಲೆಮನೆಯಲ್ಲಿದ್ದರು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು, ಮುದುಕ ನಿಂತು ಮರದ ಹುಟ್ಟಿನಿಂದ ಬುರುಗು ತೆಗೆಯುತ್ತಿದ್ದರು.

“ಅಪ್ಪಾರ, ತಪ್ಪಾಗೇತ್ರಿ,” ಎಂದರು ಮಾಸ್ತರು. “ನಿನ್ನೆ ದೊರಿ ಮುಂದ ನಿಮಗ ‘ಅವನು’ ಅಂದೀನ್ರಿ. ಹದಿನೇಳು ಸಲ.”

“ಯಾಕಂದಿ?”

“ಇಂಗ್ಲಿಷ್‌ನ್ಯಾಗ ಅಪ್ಪಗ ‘ಅವರು’ ಅನ್ನಾಕ ಬರಂಗಿಲ್ರಿ. ‘ಹೀ’ ಅನಬೇಕು.”

“ಹೀ?” ಮುದುಕ ಬಿಸಿಬೆಲ್ಲ ನಾಲಿಗೆಗೆ ಇಟ್ಟುಕೊಂಡಂತೆ ಆ ಪದವನ್ನು ಮೆಲ್ಲಗೆ ಅಂದು ನೋಡಿದರು. “ಹೀ ಅಂತ ಏನೇನು ಹೇಳಿದಿ?”

ಮಾಸ್ತರು ಹೇಳಿದರು. ಕಾಲುವೆ, ಹೆಗಲು, ತಲೆಯ ಮೇಲಿನ ಪುಸ್ತಕ. ಮುದುಕನ ಕೈ ನಿಂತಿತು.

“ಅಷ್ಟೆಲ್ಲಾ ಹೇಳಿದೇನು, ನನ್ನ ಸುದ್ದಿ?” ಎಂದರು. ಕೈಯಲ್ಲಿದ್ದ ಹುಟ್ಟನ್ನು ಪಕ್ಕಕ್ಕಿಟ್ಟರು. “ಲೇ ಪಂಪಾ, ಸಣ್ಣಾಂವಿದ್ದಾಗ ‘ಅಪ್ಪಾ ಬಾ, ಎತ್ಕೋ’ ಅಂತಿದ್ದಿ. ಬಳ್ಳಾರಿಗೆ ಹೋಗಿ ಕಲ್ತು ಬಂದು ‘ಅಪ್ಪಾರ, ಬರ್ರಿ’ ಅಂದಿ. ಊರೆಲ್ಲಾ ಹೊಗಳ್ತು. ನಾನು ಮಾತ್ರ ನನ್ನ ಮನ್ಯಾಗ ಪಡಸಾಲ್ಯಾಗ ಕುಂತ ಬೀಗರಂಗ ಆಗಿಬಿಟ್ಟೆ. ನಿಮ್ಮವ್ವಗ ಸಾಯೋತನಕ ‘ಅವ್ವಾ ಬಾ, ಉಣ್ಣು’ ಅಂದಿ. ವಿರೂಪಾಕ್ಷಗೂ ‘ನೀನ ಕಾಪಾಡಪಾ’ ಅಂತಿ. ನಾನೊಬ್ಬನ ಹೊರಗ. ಹದಿನೆಂಟು ವರ್ಷ ಆತಲೇ. ನಿನ್ನೆ ಯಾರೋ ದೊರಿ ಮುಂದ ಒಳಗ ಕರಕೊಂಡಿ, ಅದನ್ನ ತಪ್ಪು ಅಂತೀಯೇನು?”

ಮಾಸ್ತರು ಅಲ್ಲೇ ನೆಲದ ಮೇಲೆ ಕೂತು ಅತ್ತರು. ನನಗೂ ಅಳು ಬಂತು. ಒಲೆಯ ಹೊಗೆ ಕಣ್ಣಿಗೆ ಹೋಯಿತು ಎನ್ನಬಹುದಿತ್ತು, ಅನ್ನಲಿಲ್ಲ.

“ಈಗ ಕರಿ ನೋಡಾನ,” ಎಂದರು ಮುದುಕ.

ಮಾಸ್ತರು ಕಣ್ಣೊರೆಸಿಕೊಂಡು ಬಾಯಿ ತೆರೆದರು. “ಅಪ್ಪಾ… ಉಣ್ಣಾಕ ನಡೀ… ರಿ.”

“ಮತ್ತ ಹೊರಗ ಹಾಕಿದಿ ನೋಡು!” ಎಂದು ಮುದುಕ ಹೊಟ್ಟೆ ಹಿಡಿದು ನಕ್ಕರು. “ಹೋಗ್ಲಿ ಬಿಡು, ಇಂಗ್ಲಿಷ್‌ನ್ಯಾಗರ ಅನ್ನು.”

“ಹೀ” ಎಂದರು ಮಾಸ್ತರು.

ಪರೀಕ್ಷೆ ಇಬ್ಬರದೂ ಪಾಸಾಯಿತು. ಮಾತಿನ ಭಾಗದಲ್ಲಿ ಅವರಿಗೆ ನನಗಿಂತ ಹೆಚ್ಚು ಬಂದಿತ್ತು, ಬರಬೇಕಾದದ್ದೇ. ಮಾಸ್ತರು ಹೊಸಪೇಟೆಯಲ್ಲೇ ಉಳಿದರು. ಕನ್ನಡದಲ್ಲಿ ಅವರ ನಾಲಿಗೆ ಕೊನೆಯ ತನಕ ತಿರುಗಲಿಲ್ಲ. ಆದರೆ ನಾನು ಹೋದಾಗಲೆಲ್ಲ ಮುದುಕ ಮಗನನ್ನು ಕೇಳುವುದನ್ನು ಕೇಳಿದ್ದೇನೆ: “ಇವತ್ತು ಸಾಲ್ಯಾಗ ನನ್ನ ಸುದ್ದಿ ತೆಗದಿದ್ದೇನು? ಏನಂತ ಅಂದಿ?” ಮಗ ಕೈಕಟ್ಟಿ ನಿಂತು ಹೇಳುತ್ತಿದ್ದರು: “ಹೀ ಅಂತ ಅಂದೀನ್ರಿ, ಅಪ್ಪಾರ.” ಮುದುಕನಿಗೆ ಅಷ್ಟು ಸಾಕಿತ್ತು. ಈಗ ಇಬ್ಬರೂ ಇಲ್ಲ.

ಮೊನ್ನೆ ಇದನ್ನೆಲ್ಲ ನೆನೆಯುತ್ತ ಕೂತಿದ್ದಾಗ ನಮ್ಮ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಬರತೊಡಗಿತ್ತು, ಅದರ ನಡುವೆ ಸುಮಿತ್ರಾಳ ಸಣ್ಣ ದನಿ. ಒಬ್ಬಳೇ ತಯಾರಿ ಮಾಡಿಕೊಳ್ಳುತ್ತಿದ್ದಳು. “ಮೈ ಫಾದರ್ ಇನ್ ಲಾ ಈಸ್ ಎ ರಿಟೈರ್ಡ್ ಟೀಚರ್… ದೇ…” ರೊಟ್ಟಿಯ ಸದ್ದು ನಿಂತಿತು. ಪಡಸಾಲೆಯ ನನ್ನ ಆರಾಮಕುರ್ಚಿ ಅಲ್ಲಿಂದ ಎಷ್ಟು ದೂರವಿದೆ ಎಂದು ನಾನು ಯಾವತ್ತೂ ಅಳೆದಿರಲಿಲ್ಲ. ಮಗ, ಸೊಸೆ ಇಬ್ಬರೂ ದಿನಾ ಬರ್ರಿ, ಕುಂದರ್ರಿ ಅನ್ನುತ್ತಾರೆ, ಕಾಫಿ ಇಲ್ಲಿಗೇ ಬರುತ್ತದೆ, ಊಟ ಇಲ್ಲಿಗೇ ಬರುತ್ತದೆ. ನಾನು ಪುಣ್ಯವಂತ ಎಂದುಕೊಂಡಿದ್ದೆ.

ಎದ್ದುಹೋಗಿ ಅಡುಗೆಮನೆಯ ಹೊಸ್ತಿಲ ಹತ್ತಿರ ಒಂದು ಮಣೆ ಎಳೆದುಕೊಂಡು ಕೂತೆ.

“ಅಯ್ಯ, ಇಲ್ಯಾಕ ಬಂದ್ರಿ ಮಾವಾರ? ಏನು ಬೇಕಿತ್ತು?”

“ಏನಿಲ್ಲವ್ವಾ. ‘ಹೀ’ ಅನ್ನು. ಅನ್ನು, ನಾ ಕೇಳ್ತೀನಿ.”

ಅವಳು ಸೆರಗು ಬಾಯಿಗಿಟ್ಟು ನಕ್ಕಳು, ನಾಚಿದಳು. “ಹೆಂಗ್ರಿ, ನೀವು ಇಲ್ಲೇ ಕುಂತೀರಿ” ಎಂದಳು. ಆಮೇಲೆ ಹಿಟ್ಟಿನ ಕೈಯನ್ನು ನೋಡುತ್ತ, ಮೆಲ್ಲಗೆ “ಹೀ” ಎಂದಳು. ಅಂದದ್ದೇ ತಡ, ಅವಳಿಗೂ ಮಾತು ಹೊರಟಿತು. ಹೀ ಡ್ರಿಂಕ್ಸ್ ಟೂ ಮಚ್ ಕಾಫಿ. ಹೀ ಡಸ್ ನಾಟ್ ಟೇಕ್ ಮೆಡಿಸಿನ್. ಹೀ ಸ್ನೋರ್ಸ್. ಕಾಫಿ, ಔಷಧಿ, ಗೊರಕೆ, ಒಂದೂ ಬಿಡಲಿಲ್ಲ ಮಹಾತಾಯಿ. ಮದುವೆಯಾಗಿ ಬಂದು ಆರು ವರ್ಷ, ನನ್ನ ಮೇಲೆ ಇಷ್ಟು ದೂರುಗಳಿವೆ ಎಂದು ಒಂದು ದಿನವೂ ಬಾಯಿ ಬಿಟ್ಟವಳಲ್ಲ.

ಒಂದು ಕಡೆ ವ್ಯಾಕರಣ ತಪ್ಪಿದಳು. ನಾನು ತಿದ್ದಲಿಲ್ಲ. ಅಲ್ಲೇ ಹೊಸ್ತಿಲ ಬಳಿ ಕೂತು, ಅವಳು ಹಂಚಿನಿಂದ ತೆಗೆದು ಕೊಟ್ಟ ಬಿಸಿ ರೊಟ್ಟಿ ತಿಂದೆ.